ಬೂಟಜ್ಜ ಇಸ್ಪೀಟಿನಲ್ಲಿ ಗೆದ್ದ ದಿನ

"ತೊಂಬತ್ತೊಂದು ವರ್ಷ, ಮೂರು ತಿಂಗಳು," ಎಂದು ಓದಿ ಮಗಳು ಕಾಗದದಿಂದ ತಲೆಯೆತ್ತಿದಳು. ಅಂಗಡಿಯಲ್ಲಿ ಬೂಟು ಹಾಕಿ ನೋಡಲೆಂದು ಇಟ್ಟಿದ್ದ ಉದ್ದ ಬೆಂಚುಗಳ ಮೇಲೆ ಜನ ಒತ್ತಿಕೊಂಡು ಕುಳಿತಿದ್ದರು. ಜಾಗ ಸಿಗದವರು ಬಾಗಿಲಲ್ಲಿ ನಿಂತಿದ್ದರು. ಬೀದಿಯವರೆಲ್ಲ ಬೂಟಜ್ಜ ಎಂದೇ ಕರೆಯುತ್ತಿದ್ದ ಅವಳ ಅಪ್ಪ ತೀರಿಕೊಂಡು ಅಂದಿಗೆ ಒಂದು ತಿಂಗಳು. ಅವರ ಬಗ್ಗೆ ನಾಲ್ಕು ಮಾತಾಡಬೇಕೆಂದು ಅಕ್ಕಪಕ್ಕದ ಅಂಗಡಿಯವರೇ ಸೇರಿಸಿದ್ದ ಸಭೆ ಅದು.

ಅವಳು ಮುಂದೆ ಓದಿದಳು. ಹತ್ತೊಂಬತ್ತಕ್ಕೆ ಸೈನ್ಯ. ಇಪ್ಪತ್ತೆರಡಕ್ಕೆ ಯುದ್ಧದಲ್ಲಿ ಎಡಗೈ ಹೋಯಿತು. ಇಪ್ಪತ್ತೈದಕ್ಕೆ ಈ ಅಂಗಡಿ. ಅಲ್ಲಿಂದ ಅರವತ್ತು ವರ್ಷ ಊರವರ ಕಾಲುಗಳ ಮುಂದೆ ಮಂಡಿಯೂರಿ ಅಳತೆ ತೆಗೆದದ್ದು. ಓದುತ್ತ ಓದುತ್ತ ಅವಳಿಗೇ ಬೇಸರವಾಯಿತು. ಇದು ಅಪ್ಪನಲ್ಲ, ಅಪ್ಪನ ಪಿಂಚಣಿ ಅರ್ಜಿ ಅನ್ನಿಸಿತು.

"ಸ್ವಲ್ಪ ನಿಲ್ಲಿಸು ತಂಗಿ, ಅದ್ರಲ್ಲಿ ಒಂದು ವಿಷಯ ಬಿಟ್ಟೋಗಿದೆ," ಎಂದು ಹಿಂದಿನ ಬೆಂಚಿನಿಂದ ಒಬ್ಬ ಹೆಂಗಸು ಎದ್ದಳು. ನೂಲಿನ ಗಿರಣಿಯಲ್ಲಿ ಮೇಲ್ವಿಚಾರಕಿಯಾಗಿದ್ದು ನಿವೃತ್ತಳಾದವಳು. ಅವಳ ರವಿಕೆಯ ಬಲತೋಳನ್ನು ಮೊಣಕೈ ಹತ್ತಿರ ಮಡಚಿ ಪಿನ್ನು ಹಾಕಿತ್ತು.

"ನಂಗಾಗ ಇಪ್ಪತ್ತೆರಡು. ಯಂತ್ರ ಕೈ ತಿಂದ್ಹಾಕ್ತು. ಆಸ್ಪತ್ರೇಲಿ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದೆ. ಅಮ್ಮ ತುತ್ತು ಹಿಡಿದ್ರೂ ಬಾಯಿ ಬಿಡ್ತಿರ್ಲಿಲ್ಲ. ಒಂದಿನ ಗುರುತಿಲ್ಲ ಪರಿಚಯ ಇಲ್ಲ, ಇವರು ಬಂದು ಸ್ಟೂಲ್ ಎಳ್ಕೊಂಡು ಕೂತ್ರು. ಸಮಾಧಾನ ಹೇಳೋಕೆ ಬಂದಿದಾರೆ ಅನ್ಕೊಂಡೆ. ಒಂದು ಮಾತಿಲ್ಲ! ತಮ್ಮ ಬೂಟಿನ ಲೇಸು ಬಿಚ್ಚಿದ್ರು, ಒಂದೇ ಕೈಲಿ ಕಟ್ಟೋಕೆ ಶುರು ಮಾಡಿದ್ರು. ಕಟ್ತಾರೆ, ಜಾರುತ್ತೆ. ಕಟ್ತಾರೆ, ಜಾರುತ್ತೆ. ಲೇಸಿಗೆ ಬೈತಾರೆ, ಬೂಟಿಗೆ ಬೈತಾರೆ. ಅರ್ಧ ಗಂಟೆ ಒದ್ದಾಡಿ, 'ನಾಳೆ ನೋಡೋಣ' ಅಂತ ಎದ್ದು ಹೋದ್ರು."

ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

"ಮಾರನೇ ದಿನಾನೂ ಅದೇ ಕಥೆ. ಎಂಟು ದಿನ ನೋಡಿದೆ. ಒಂಬತ್ತನೇ ದಿನ ತಡೆಯೋಕಾಗ್ದೆ ಎದ್ದು ಕೂತೆ. 'ಲೇಸಿನ ತುದಿಗೆ ಮೊದ್ಲು ಒಂದು ಗಂಟು ಹಾಕ್ರೀ, ಕೆಳಗಿನ ತೂತಲ್ಲಿ ಕಚ್ಕೊಂಡು ನಿಲ್ಲುತ್ತೆ. ಅಷ್ಟೂ ತಲೆ ಓಡಲ್ವಾ ನಿಮಗೆ? ಕೊಡಿ ಇಲ್ಲಿ' ಅಂದೆ. ಅವರ ಕಾಲು ಮಂಚದ ಮೇಲೆ ಇಡಿಸ್ಕೊಂಡು ಈ ಎಡಗೈಲಿ ಕಟ್ಟಿದೆ. ಮುಕ್ಕಾಲು ಗಂಟೆ ಹಿಡೀತು. 'ಎಂಥ ಹಟಮಾರಿ ನೀನು! ನಮ್ಮ ಯುದ್ಧಾನೇ ಇದಕ್ಕಿಂತ ಬೇಗ ಮುಗೀತು' ಅಂದ್ರು. ಅವತ್ತು ಅಮ್ಮನ ಕೈಯಿಂದ ತಟ್ಟೆ ಕಿತ್ಕೊಂಡು ನಾನೇ ಉಂಡೆ." ಅವಳು ಸುತ್ತ ನೋಡಿ ಗತ್ತಿನಿಂದ ಹೇಳಿದಳು, "ಬೂಟಜ್ಜನಿಗೆ ಆ ಗಂಟಿನ ಉಪಾಯ ಹೇಳ್ಕೊಟ್ಟೋಳು ನಾನೇ ಕಣ್ರಪ್ಪ. ಅದನ್ನೂ ಬರ್ಕೊಳ್ಳಿ."

ಬರೆದುಕೊಳ್ಳಲು ಮಗಳು ಕಾಗದ ತಿರುವಿದಳು, ಆದರೆ ಬರೆಯಲಿಲ್ಲ. ಅಪ್ಪನ ಬೂಟುಗಳಲ್ಲಿ ತುದಿಗೆ ಗಂಟಿಲ್ಲದ ಲೇಸನ್ನು ಅವಳು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಬೆಳಿಗ್ಗೆ ಶಾಲೆಗೆ ಹೊರಡುವಾಗ ಅವಳು ಮಂಚದಡಿ ತನ್ನ ಎರಡನೇ ಬೂಟು ಹುಡುಕುವಷ್ಟರಲ್ಲಿ ಅಪ್ಪ ತಮ್ಮ ಎರಡನ್ನೂ ಕಟ್ಟಿ ಬಾಗಿಲಲ್ಲಿ ನಿಂತಿರುತ್ತಿದ್ದರು.

ಅವಳಿಗೆ ಹದಿನಾರಾಗಿದ್ದಾಗಿನ ಮಾತೊಂದು ನೆನಪಾಯಿತು. ಅಪ್ಪ ಎಂಟೊಂಬತ್ತು ದಿನ ಮಧ್ಯಾಹ್ನವೇ ಅಂಗಡಿಗೆ ಬೀಗ ಹಾಕಿ ಎಲ್ಲೋ ಹೋಗುತ್ತಿದ್ದರು. ಇಸ್ಪೀಟಿನ ಚಟ ಹತ್ತಿದೆ ಎಂದು ಅಮ್ಮನಿಗೆ ಗುಮಾನಿ. ಕೇಳಿದರೆ, "ಹೂಂ, ಇವತ್ತೂ ಸೋತೆ ಕಣೆ," ಅನ್ನುತ್ತಿದ್ದರು. ಅಮ್ಮ ಮಾತು ಬಿಟ್ಟಳು. ಒಂದು ಸಂಜೆ ಮಾತ್ರ ಮೆಟ್ಟಿಲು ಹತ್ತುತ್ತಲೇ, "ಗೆದ್ದೆ! ಇನ್ನು ಆಡೋಕೆ ಹೋಗಲ್ಲ," ಎಂದು ಕೂಗಿದ್ದರು. ಅಪ್ಪನ ಮುಖದಲ್ಲಿ ಅಂಥ ಖುಷಿಯನ್ನು ಅವಳು ಕಂಡದ್ದು ಕಡಿಮೆ. ಅಮ್ಮ ಅದಕ್ಕೂ ಸಿಡುಕಿದ್ದಳು.

"ಏನು ತಂಗಿ, ಸುಳ್ಳಾ?" ಹೆಂಗಸು ಕೇಳಿದಳು.

ನಾಲಿಗೆಯ ತುದಿಗೆ ಬಂದದ್ದನ್ನು ಮಗಳು ನುಂಗಿಕೊಂಡಳು. "ಸುಳ್ಳಲ್ಲಕ್ಕ. ಪ್ರಾಣ ಇರೋವರೆಗೂ ಅಪ್ಪ ಹಾಗೇ ಕಟ್ತಿದ್ರು."

ಸಭೆ ಮುಗಿದು ಜನ ಎದ್ದರು. ಬಾಗಿಲ ಬಳಿ ಒಬ್ಬಳು ಮಾತ್ರ ನಿಂತೇ ಇದ್ದಳು, ಕೈಯಲ್ಲಿ ಕಿತ್ತುಹೋದ ಚಪ್ಪಲಿ. ಹೊಲಿಸಲು ಬಂದವಳು ಅಷ್ಟನ್ನೂ ಕೇಳಿಸಿಕೊಂಡಿದ್ದಳು.

"ನಮ್ಮನೆಯೋರು ಗಾರೆ ಕೆಲಸದೋರು," ಎಂದಳು. "ಮೇಲಿಂದ ಬಿದ್ರು. ಕೈ ತೆಗೆದುಬಿಟ್ರು. ಹನ್ನೊಂದು ದಿನ ಆಯ್ತು, ಯಾರ ಜೊತೇನೂ ಮಾತಿಲ್ಲ."

"ಯಾವ ವಾರ್ಡು?" ಎಂದು ಗಿರಣಿಯ ಹೆಂಗಸು ಚೀಲ ಹೆಗಲಿಗೇರಿಸಿದಳು.

ಮಗಳು ಆಗಲೇ ಏಣಿಯನ್ನು ಗೋಡೆಗೆ ಒರಗಿಸಿ ಲೇಸಿನ ಬೂಟುಗಳ ಸಾಲಿನತ್ತ ಹತ್ತುತ್ತಿದ್ದಳು. "ಅವರ ಕಾಲಿನ ಅಳತೆ ಎಷ್ಟಮ್ಮ?"

ಗಾರೆಯವನ ಹೆಂಡತಿಗೆ ಗೊತ್ತಿರಲಿಲ್ಲ. ಚಪ್ಪಲಿಯನ್ನು ಕೆಳಗಿಟ್ಟು, ಮೇಜಿನ ಮೇಲೆ ಹೆಬ್ಬೆರಳನ್ನೂ ಕಿರುಬೆರಳನ್ನೂ ಅಗಲಿಸಿ ಒಂದು ಗೇಣು ಹಿಡಿದಳು. ಅದರ ಮುಂದೆ ಇನ್ನೊಂದು ಕೈಯ ನಾಲ್ಕು ಬೆರಳು ಜೋಡಿಸಿದಳು. ಆಮೇಲೆ, ಅಳತೆ ಕದಲದ ಹಾಗೆ ಎರಡೂ ಕೈಗಳನ್ನು ಒತ್ತಿ ಹಿಡಿದು, ಏಣಿಯ ಕಡೆ ಮುಖವೆತ್ತಿದಳು.