ಮೂವತ್ತರವರಿಗೆ, ಸರಿ

ಸಾಂಕ್ರಾಮಿಕದ ದಿನಗಳಲ್ಲಿ ಸೊಸೆಯ ಕಚೇರಿ ಊಟದ ಮೇಜಿಗೇ ಬಂದಿತ್ತು. ಆಸ್ಪತ್ರೆಯವರಿಗಾಗಿ ಜನರ ಅಭಿಪ್ರಾಯ ಸಂಗ್ರಹಿಸುವ ಕೆಲಸ. ಇಯರ್‌ಫೋನ್ ಸಿಕ್ಕಿಸಿಕೊಂಡು, ಗುರುತಿಲ್ಲದವರಿಗೆ ಫೋನ್ ಮಾಡಿ ಕೇಳಬೇಕು: "ವೆಂಟಿಲೇಟರ್ ಒಂದೇ ಇದೆ. ಒಬ್ಬರಿಗೆ ಮೂವತ್ತು ವರ್ಷ, ಇನ್ನೊಬ್ಬರಿಗೆ ಎಪ್ಪತ್ತು. ಯಾರಿಗೆ ಕೊಡಬೇಕು?" ಬಂದ ಉತ್ತರವನ್ನು ಗಟ್ಟಿಯಾಗಿ ಒಮ್ಮೆ ತಿರುಗಿ ಹೇಳಿ ಖಚಿತಪಡಿಸಿಕೊಳ್ಳಬೇಕು. ತನ್ನ ಅಭಿಪ್ರಾಯದ ಬಗ್ಗೆ ಮಾತ್ರ ಬಾಯಿ ಬಿಡಬಾರದು.

ಮೇಜಿನ ಆ ತುದಿಯಲ್ಲಿ ಅತ್ತೆ ಬಟಾಣಿ ಸುಲಿಯುತ್ತಿದ್ದರು. ಅವರಿಗೆ ಎಪ್ಪತ್ತು ತುಂಬಿತ್ತು. ಫೋನಿನ ಆಚೆಯವರ ಮಾತು ಅವರಿಗೆ ಕೇಳಿಸುತ್ತಿರಲಿಲ್ಲ. ಕೇಳಿಸುತ್ತಿದ್ದದ್ದು ಸೊಸೆಯ ದನಿ ಮಾತ್ರ: "ಮೂವತ್ತರವರಿಗೆ. ಸರಿ." ಸ್ವಲ್ಪ ಹೊತ್ತಿಗೆ ಮತ್ತೆ, "ಮೂವತ್ತರವರಿಗೆ. ಸರಿ."

ಸಂಜೆ ಸೊಸೆ ತಂದಿಟ್ಟ ಚಹಾ ಕೆನೆಗಟ್ಟಿತು. ಅತ್ತೆ ಮುಟ್ಟಲಿಲ್ಲ.

"ಯಾಕತ್ತೆ, ಚಹಾ ಆರಿಹೋಯ್ತು."

"ಮೂವತ್ತರವರಿಗೆ ಕೊಡಮ್ಮ. ನನಗ್ಯಾಕೆ ದಂಡ."

ಸೊಸೆಗೆ ನಗು ಬಂತು; ತಡೆದುಕೊಂಡಳು. "ಅದು ಜನ ಹೇಳಿದ್ದು ಅತ್ತೆ. ನಾನು ಬರೀ ತಿರುಗಿ ಹೇಳೋದು."

"ಬೆಳಗ್ಗಿಂದ ನಿನ್ನ ಬಾಯಲ್ಲೇ ಸಾಯ್ತಾ ಇದೀನಿ. ಹೋಗ್ಲಿ, ನೀನೇನಂತೀಯ?"

"ನಾನು ಹೇಳೋ ಹಾಗಿಲ್ಲ."

"ಕೆಲಸ ಮುಗೀತಲ್ಲ."

ಫೋನಿನಲ್ಲಿ ಯಾರಾದರೂ ಕೇಳಿದ್ದರೆ ತಾನೂ ಮೂವತ್ತು ಎಂದೇ ಹೇಳುತ್ತಿದ್ದೆ ಎಂಬುದು ಸೊಸೆಗೆ ಗೊತ್ತಿತ್ತು. ಆದರೆ ಪ್ರಶ್ನೆಯೊಳಗಿನ ಎಪ್ಪತ್ತಕ್ಕೆ ಗೊರಕೆ ಇರಲಿಲ್ಲ. ಅದು ಟಿವಿ ರಿಮೋಟನ್ನು ದಿಂಬಿನ ಕೆಳಗೆ ಬಚ್ಚಿಡುತ್ತಿರಲಿಲ್ಲ. ಅವಳ ಹೆರಿಗೆಯ ದಿನ, ಅಳುತ್ತಿದ್ದ ಗಂಡನನ್ನು ಆಚೆ ಕಳಿಸಿ ಅವಳ ಕೈ ಹಿಡಿದು ಕೂತಿರಲೂ ಇಲ್ಲ.

"ಆಯ್ತು, ನನ್ನನ್ನೂ ಕೇಳು" ಎಂದರು ಅತ್ತೆ. "ನಾನೂ ಜನಾನೇ ಅಲ್ವಾ. ಆಫೀಸಿನ ದನಿಯಲ್ಲೇ ಕೇಳು, ಮುದ್ದು ಮಾಡಬೇಡ."

ಸೊಸೆ ಆಫೀಸಿನ ದನಿಯಲ್ಲೇ ಕೇಳಿದಳು.

ಅತ್ತೆ ಒಂದು ಬಟಾಣಿ ಬಾಯಿಗೆ ಹಾಕಿಕೊಂಡು ಯೋಚಿಸಿದರು. "ಮೂವತ್ತರವರಿಗೆ ಕೊಡು. ಪಾಪ, ಅವರಿನ್ನೂ ಏನು ನೋಡಿದಾರೆ."

ಸೊಸೆ ಬಾಯಿ ತೆರೆದಳು. "ಮೂ..." ಮುಂದಿನದು ಬರಲಿಲ್ಲ.

"ತಿರುಗಿ ಹೇಳಬೇಕಲ್ಲ, ನಿಯಮ."

ಮತ್ತೊಮ್ಮೆ ಪ್ರಯತ್ನಿಸಿದಳು. ಆಗಲಿಲ್ಲ. ಇಯರ್‌ಫೋನಿನ ವೈರನ್ನು ಬೆರಳಿಗೆ ಸುತ್ತುತ್ತಾ ಬಟಾಣಿ ಸಿಪ್ಪೆಯನ್ನೇ ನೋಡುತ್ತ ಕೂತಳು.

ಅತ್ತೆ ನೋಡುತ್ತಿದ್ದದ್ದು ಅವಳ ಮುಖವನ್ನು. ಆಮೇಲೆ ಚಹಾದ ಲೋಟವನ್ನು ಅವಳತ್ತ ತಳ್ಳಿದರು.

"ಬಿಸಿ ಮಾಡ್ಕೊಂಡು ಬಾ. ಸಕ್ಕರೆ ಇನ್ನೊಂದು ಚೂರು ಹಾಕು, ಎಪ್ಪತ್ತರವರಿಗೆ."

"ಎಪ್ಪತ್ತರವರಿಗೆ" ಎಂದಳು ಸೊಸೆ, ಲೋಟ ಎತ್ತಿಕೊಳ್ಳುತ್ತಾ. "ಸರಿ."