ಕೊಳ, ಕೋಳ

ಅಂಟಿಕೊಂಡಿದ್ದ ಎರಡು ತಾಳೆಗರಿಗಳ ನಡುವೆ ಪವಿತ್ರ ಉಸಿರು ಬಿಗಿಹಿಡಿದು ಬಿದಿರಿನ ಸೀಳು ತೂರಿಸಿದಳು. ನಿಂಬೆಹುಲ್ಲಿನ ಎಣ್ಣೆ ಕುಡಿದು ಮೆತ್ತಗಾಗಿದ್ದ ಓಲೆ ಸದ್ದಿಲ್ಲದೆ ಬಿಟ್ಟುಕೊಂಡಿತು. ಹಸ್ತಪ್ರತಿ ವಿಭಾಗದ ಜೆನ್ನಿ ಪಕ್ಕದಲ್ಲೇ ನಿಂತು ಮಸಿ ಸವರಿ ಒರೆಸಿದಳು. ಅಕ್ಷರಗಳು ಕಪ್ಪಗೆ ಎದ್ದು ಬಂದವು. ಒಬ್ಬ ಕಮ್ಮಾರ. ಅವನ ಸುತ್ತಿಗೆ. ಮುರಿದುಬಿದ್ದ ಕಬ್ಬಿಣ.

ಪವಿತ್ರಳಿಗೆ ನಗು ತಡೆಯಲಾಗಲಿಲ್ಲ. ಹಳೆಯ ಓಲೆಗಳಲ್ಲಿ ಒ, ಓ ಎಂಬ ಭೇದವಿಲ್ಲ. ಓದುವವರೇ ಅರ್ಥ ನೋಡಿ ಎಳೆದುಕೊಳ್ಳಬೇಕು. ‘ಗಂಡನ ಕೊಳದಿಂ ಬಿಡಿಸಿದಳು’ ಎಂಬ ಸಾಲು ನೆಚ್ಚಿಕೊಂಡು, ಮುಳುಗುತ್ತಿದ್ದ ಗಂಡನನ್ನು ನೀರಿನಿಂದ ಎತ್ತಿದವಳ ಕಥೆ ಎಂದು ಅವಳು ಇಷ್ಟು ದಿನ ನಂಬಿದ್ದಳು. ಅದು ಕೊಳವಲ್ಲ, ಕೋಳ. ಆ ಹೆಂಗಸು ಗಂಡನ ಕಾಲಿನ ಬೇಡಿ ಒಡೆಸಿ, ಸೆರೆಯಿಂದ ಹಾರಿಸಿಕೊಂಡು ಹೋಗಿದ್ದಳು.

ಯಾರೂ ಓದಿರದ ಕಾವ್ಯ, ತನ್ನ ಪಿಎಚ್‌ಡಿಯ ಜೀವಾಳ. ಮಾರ್ಗದರ್ಶಕ ವಿಶ್ವನಾಥ್ ಸರ್‌ಗೆ ಈಗಲೇ ಹೇಳಬೇಕು. ಕೊಳದ ಕಥೆಯನ್ನೂ ಅವಳು ಹೇಳಿದ್ದು ಅವರೊಬ್ಬರಿಗೇ, ಕುವೆಂಪುನಗರದ ಅವರ ಮನೆಯಲ್ಲಿ, ಉಪ್ಪಿಟ್ಟು ತಿನ್ನುತ್ತಾ.

ಅಷ್ಟರಲ್ಲಿ ಜೆನ್ನಿ ಆ ದಿನ ಬಂದ ಸಂಶೋಧನಾ ಪತ್ರಿಕೆಯನ್ನು ಮೇಜಿನ ಮೇಲಿಟ್ಟಳು. “ನಿಮ್ ಸರ್ ಬರೆದವ್ರೆ ಕಣೇ, ಇದೇ ಓಲೆಕಟ್ಟಿನ ಮೇಲೆ. ನಿನ್ನೇನು ಎಣ್ಣೆ ಹಚ್ಚೋಕೆ ಇಟ್ಕೊಂಡವ್ರಾ?”

‘ಕೊಳದ ಹೆಣ್ಣು: ಒಂದು ಅಪ್ರಕಟಿತ ಕಾವ್ಯ’. ಕೆಳಗೆ ವಿಶ್ವನಾಥ್ ಹೆಸರು. ಪವಿತ್ರ ಪುಟ ತಿರುವಿದಳು. ನೀರೆಂದರೆ ಆ ಹೆಣ್ಣಿನ ಮನಸ್ಸೇ ಎಂದು ಉಪ್ಪಿಟ್ಟಿನ ತಟ್ಟೆ ಹಿಡಿದು ತಾನಾಡಿದ ಮಾತು ಅಲ್ಲಿತ್ತು, ಪದ ಬದಲಾಗದೆ. ತನ್ನ ತಪ್ಪೂ ಹಾಗೇ ಇತ್ತು. ಕೊನೆಯ ಅಡಿಟಿಪ್ಪಣಿಯವರೆಗೂ ಹುಡುಕಿದಳು. ತಾನು ಎಲ್ಲೂ ಇರಲಿಲ್ಲ.

ಪತ್ರಿಕೆ ಹಿಡಿದು ಬಂದ ಅವಳಿಗೆ ವಿಶ್ವನಾಥ್ ತಮ್ಮ ಕೋಣೆಗೆ ಕಾಫಿ ತರಿಸಿದರು. ಸಂಶೋಧನಾ ವಿದ್ಯಾರ್ಥಿನಿಯ ಹೆಸರಲ್ಲಿ ಕಳಿಸಿದ್ದರೆ ಸಂಪಾದಕರು ತೆಗೆದೂ ನೋಡುತ್ತಿರಲಿಲ್ಲ, ನಿನಗೇ ದಾರಿ ಮಾಡಿಕೊಟ್ಟೆ ಎಂದರು. ನೀನು ಮಗಳಿದ್ದ ಹಾಗೆ ಎಂದೂ ಸೇರಿಸಿದರು. ಅವಳು ಕಾಫಿ ಮುಟ್ಟದೆ ಕಮ್ಮಾರನ ಗರಿಯ ವಿಷಯ ಹೇಳಿದಳು. ಅವರ ಲೋಟ ತುಟಿಯ ಹತ್ತಿರವೇ ನಿಂತಿತು.

“ಒಂದು ದೀರ್ಘ ತಾನೇ? ಅಚ್ಚಿನ ತಪ್ಪು ಅಂತ ಹಾಕಿಸ್ಬುಡೋಣ ಕಣಮ್ಮ.”

“ಲೇಖನದ ತುಂಬ ನೀರು ಹರಿಸಿದ್ದೀರಲ್ಲ ಸರ್, ಅದೂ ಅಚ್ಚಿನ ತಪ್ಪೇ?”

ಅವರು ಲೋಟ ಕೆಳಗಿಟ್ಟರು. ಆಮೇಲೆ ದನಿ ತಗ್ಗಿಸಿ ಪುಸ್ತಕದ ಮಾತು ತೆಗೆದರು. ಇಡೀ ಕಾವ್ಯವನ್ನು ಇಬ್ಬರೂ ಸೇರಿ ಸಂಪಾದಿಸುವುದು. ಮೊದಲು ಓದಿದವರು ವಿಶ್ವನಾಥ್ ಅವರೇ ಎಂದು ಮುನ್ನುಡಿ ಹೇಳುವುದು. ಹೊಸ ಗರಿ ಸಿಕ್ಕ ಮೇಲೆ ಅವರೇ ತಿದ್ದಿಕೊಂಡರು ಎನ್ನುವುದು.

“ಮುಖಪುಟದಲ್ಲಿ ನಿನ್ನ ಹೆಸರೇ ಮೊದಲು. ಥೀಸಿಸ್ಸೂ ಈ ವರ್ಷವೇ ಮುಗಿಸ್ಬುಡೋಣ. ಆಗಬಹುದಾ?”

“ಬೇಡ ಸರ್. ನಿಮ್ಮ ಹೆಸರಿನ ಪಕ್ಕ ನನ್ನ ಹೆಸರು ಬೇಡ.”