ಸಾಲಿನ ನಡುವೆ ಖಾಲಿ ಜಾಗ

ಬಣ್ಣ ಹೊಡೆಯಲು ಬಂದ ಹಣಮಂತ್ರಾಯ ಹೋಗುವ ಮೊದಲು ಕೇಳದ ಉಪಕಾರವೊಂದನ್ನು ಮಾಡಿದ. ನಮ್ಮ ಕಾಮೋಠೆಯ ಮನೆಯಲ್ಲಿ ಟಿವಿಯ ಮೇಲಿದ್ದ ನನ್ನ ಗಂಡ ಯಶ್ವಂತರ ಫೋಟೋವನ್ನು ಎದುರು ಗೋಡೆಗೆ, ಅತ್ತೆ, ಮಾವ, ಬಾವನವರ ಫೋಟೋಗಳ ನಡುವೆ ತೂಗುಹಾಕಿದ. ಆ ಮೂವರೂ ತೀರಿಕೊಂಡವರು. ಇವರು ಕಲ್ಯಾಣದ ಹೋಟೆಲಿಗೆ ಕೆಲಸಕ್ಕೆಂದು ಹೋದವರು ವಾಪಸು ಬಂದಿಲ್ಲ, ಅಷ್ಟೇ. ವರ್ಷಗಳೇನೋ ಆದವು. ನನ್ನ ಕರಿಮಣಿ ಕುತ್ತಿಗೆಯಲ್ಲೇ ಇದೆ.

"ಸಾಲಾಗಿ ಚಂದ ಕಾಣತಾವ ಅಂತ ಹಾಕೀನ್ರೀ ಅಕ್ಕಾರ" ಎಂದ. ಅವನ ಚಂದಕ್ಕಿಷ್ಟು ಬೆಂಕಿ ಬೀಳಲಿ.

ಮರುದಿನ ಹೊಸ ಬಣ್ಣ ನೋಡಲು ಬಂದ ಪಕ್ಕದ ಮನೆಯ ರಮಿತಾ ಆ ಗೋಡೆಗೆ ಕೈಮುಗಿದಳು. "ಯಾವಾಗ ಗೊತ್ತಾಯ್ತು ಲೋಲಕ್ಕ? ನಮಗೊಂದು ಮಾತು ಹೇಳಬಾರದಿತ್ತಾ?"

"ಎಂತ ಗೊತ್ತಾಗುವುದು ಮಾರಾಯ್ತಿ? ಬಾಯಿಗೆ ಬಂದದ್ದು ಮಾತಾಡಬೇಡ" ಎಂದು ಕಳಿಸಿದೆ.

ಮಗಳು ನಿಶ್ಮಿತಾ ವಾಶಿಯಲ್ಲಿ ಡಿಸೈನ್ ಕಲಿಯುತ್ತಾಳೆ. "ಹತ್ತಿರ ಇದ್ದದ್ದನ್ನು ಕಣ್ಣು ಒಂದೇ ಗುಂಪು ಅಂತ ನೋಡ್ತದೆ ಮಮ್ಮಿ. ಆಂಟಿ ಕಾ ಕ್ಯಾ ದೋಷ್, ಅವರದೇನು ತಪ್ಪು?" ಎಂದಳು.

ಕೂಡಲೇ ಇವರನ್ನು ಟಿವಿಯ ಮೇಲಕ್ಕೆ ತಂದೆ. ಸಾಲಿನ ನಡುವೆ ಜಾಗ ಖಾಲಿ ಉಳಿಯಿತು. ಆದರೆ ಬಟ್ಟೆ ಮಡಚುತ್ತಾ ತಲೆಯೆತ್ತಿದರೆ ಇವರು ಅಲ್ಲೇ ಇದ್ದರು. ಅದೇ ಹಣೆ, ಅದೇ ಕನ್ನಡಕ, ಅದೇ ಅರ್ಧ ನಗು. ಹತ್ತಿರ ಹೋಗಿ ಕೈಯಾಡಿಸಿದೆ, ಬರೀ ಗೋಡೆ. ಹಿಂದೆ ಸರಿದ ಕೂಡಲೇ ಮತ್ತೆ ಬಂದರು. ನನಗೆ ಭಯವಾಯಿತು.

"ಅದೂ ಹಾಗೇ. ಬಿಟ್ಟ ಜಾಗವನ್ನು ಕಣ್ಣೇ ತುಂಬಿಸ್ತದೆ" ಎಂದಳು ಮಗಳು, ಗೋಡೆಯ ಕಡೆ ನೋಡದೆ. ಅವಳಿಗೂ ಕಾಣುತ್ತಿತ್ತು.

ಶಾಲೆಯ ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಿದ ಹಾಗೆ ತುಂಬಲೇಬೇಕಾದರೆ ಬೇರೆಯವರು ತುಂಬಲಿ ಎಂದು ಹಠ ಹಿಡಿದೆ. ನನ್ನದೇ ಫೋಟೋಗೆ ಕಟ್ಟು ಹಾಕಿಸಿ ತಂದು ಅಲ್ಲಿ ತೂಗಿದೆ. ಇವರು ಟಿವಿಯ ಮೇಲೆ, ಬದುಕಿರುವವರ ಕಡೆ. ಮನಸ್ಸಿಗೆ ಎಷ್ಟೋ ಹಾಯೆನಿಸಿತು.

ಸಂಜೆ ನಿಶ್ಮಿತಾ ಬಂದ ಸದ್ದಾಯಿತು. ಅಡುಗೆಮನೆಯಿಂದ ಹೊರಗೆ ಬಂದೆ. ಗೋಡೆಯ ಮುಂದೆ ನಿಂತಿದ್ದವಳು ತಿರುಗಿ, ಸತ್ತವಳು ಎದ್ದು ಬಂದಳೇನೋ ಎಂಬಂತೆ ನನ್ನನ್ನು ನೋಡಿದಳು.

"ಪಪ್ಪ ಬರೋದಿಲ್ಲ ಮಮ್ಮಿ. ನೀನಾದರೂ ಇರು."

ಈ ಮನೆಯಲ್ಲಿ ಆ ಮಾತನ್ನು ಯಾರೂ ಆಡಿರಲಿಲ್ಲ. ಅವಳು ಕುರ್ಚಿ ಹತ್ತಿ ನನ್ನ ಫೋಟೋ ಇಳಿಸಿದಳು. ಟಿವಿಯ ಮೇಲಿನ ಪಪ್ಪನನ್ನು ಎದೆಗವುಚಿಕೊಂಡು ಮತ್ತೆ ಹತ್ತಿ, ಮೊಳೆಯತ್ತ ಕೈಚಾಚಿದಳು. ಕುರ್ಚಿ ಅಲುಗಾಡಿತು. ನಾನು ಹೋಗಿ ಹಿಡಿದುಕೊಂಡೆ.